ತಿರ್ಲಾಪುರದ ಬಲ

ಭುಜದ ಡಾಕ್ಟರಿಗೆ ನಮ್ಮ ಮುಖಗಳು ಬೇಕಾಗಿರಲಿಲ್ಲ. ಹಸಿರು ಪರದೆ ಸರಿಸಿ ಯಾರೇ ಒಳಗೆ ಬಂದರೂ ಡಾಕ್ಟರ ಕಣ್ಣು ನೇರವಾಗಿ ಕುತ್ತಿಗೆಯ ಕೆಳಗೆ, ತೋಳು ಶುರುವಾಗುವ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಹೆಸರೂ ಬೇಕಾಗಿರಲಿಲ್ಲ. ಯಾವ ಊರು, ಯಾವ ಭುಜ, ಇಷ್ಟು ಸಾಕು. "ಮೊರಬದ ಎಡ" ಎಂದು ಅವರು ಒಳಗಿನಿಂದ ಮೆಲ್ಲಗೆ ಹೇಳಿದ್ದನ್ನು ಕಂಪೌಂಡರ್ ಬಸಪ್ಪ ಹೊರಗೆ ಬಂದು ಜೋರಾಗಿ ಕೂಗುತ್ತಿದ್ದ. ಬೆಂಚಿನ ಮೇಲಿದ್ದ ಒಬ್ಬ ಮನುಷ್ಯ ಎದ್ದು ಒಳಗೆ ಹೋಗುತ್ತಿದ್ದ.

ಅವರು ಗುರುವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬಂದು, ಒಂದು ಸಣ್ಣ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ನಲವತ್ತೈದರ ಆಸುಪಾಸು. ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿರುತ್ತಿದ್ದರು. ಎಡ ಹುಬ್ಬಿನ ತುದಿಗೆ ಕಡಲೆಕಾಳಿನಷ್ಟು ಕಪ್ಪು ಮಚ್ಚೆ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಸಿಟ್ಟು ಬಂದರೆ ಅದನ್ನು ಎಡದವಡೆಯಿಂದ ಬಲಕ್ಕೆ ಹೊರಳಿಸುತ್ತಿದ್ದರು. ಅವರ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ. ಕಬಡ್ಡಿ ಆಡಿ ಭುಜ ಜಾರಿಸಿಕೊಂಡು ಬಂದ ಹುಡುಗನೊಬ್ಬ ಅಳುತ್ತ ಒಳಗೆ ಹೋಗಿ, ಬಸಪ್ಪ ಪರದೆ ಎಳೆಯುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದದ್ದನ್ನು ನಾನೇ ನೋಡಿದ್ದೇನೆ. ನನ್ನ ತಕರಾರು ಅವರ ಕಿವಿಯ ಬಗ್ಗೆ.

"ನೀ ಮಾತಾಡಬ್ಯಾಡ. ನಿನ್ನ ಭುಜ ಮಾತಾಡ್ಲಿ."

ಇದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು. ಎಪ್ಪತ್ತು ದಾಟಿದವರಿಗೂ 'ನೀ' ಎಂದೇ. ಮೊದಲ ಸಲ ಕೇಳಿದಾಗ ಬೆಂಚಿನವರು ನಕ್ಕಿದ್ದರು, ನಾನೂ ನಕ್ಕೆ. ಮೂರನೆಯ ಗುರುವಾರದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಅಣ್ಣಿಗೇರಿಯ ಮಲ್ಲಪ್ಪಜ್ಜ ಕುರಿ ಕಾಯುವವರು. ಬದುಕಿಡೀ ಕಂಬಳಿ ಹೊತ್ತ ಎಡಭುಜ ಈಗ ಅಂಗಿಯ ಭಾರವನ್ನೂ ತಡೆಯದು. ರಾತ್ರಿ ಮಗ್ಗಲು ಬದಲಿಸಲಾಗುವುದಿಲ್ಲ ಎಂಬ ಒಂದು ಮಾತು ಹೇಳಲು ಅವರು ಒಳಗೆ ಹೋಗಿದ್ದರು. ಹೊರಗೆ ಬಂದು ಅದನ್ನು ನಮಗೆ ಹೇಳಿದರು.

"ಒಳಗ ಹೇಳಲಿಲ್ಲೇನ್ರಿ ಅಜ್ಜಾರ?" ಎಂದು ನನ್ನ ಅವ್ವ ಕೇಳಿದಳು. ಅವಳ ಭುಜ ತೋರಿಸಲೆಂದೇ ನಾನು ಅಲ್ಲಿಗೆ ಹೋಗುತ್ತಿದ್ದದ್ದು.

"ಬಾಯಿ ತಗದೆ ಯವ್ವಾ. 'ಕಥಿ ಬ್ಯಾಡ' ಅಂದ್ರು. ಅಣ್ಣಿಗೇರಿ ಎಡ ಅಂತ ನಾ. ನಮ್ಮ ಮನ್ಯಾಗ ಎತ್ತಿಗೆ ಸುದ್ದಾ ಹೆಸರೈತಿ."

ಹಾಗೆ, ಡಾಕ್ಟರಿಗೆ ಹೇಳಬೇಕಾದ್ದನ್ನೆಲ್ಲ ಜನ ಬೆಂಚಿಗೆ ಹೇಳಿ ಬಸ್ಸು ಹತ್ತುತ್ತಿದ್ದರು. ಯಾರಿಗೆ ಎಲ್ಲಿ ನೋವು, ಯಾವಾಗ ಹೆಚ್ಚು, ಯಾವ ಗುಳಿಗೆಯಿಂದ ಹೊಟ್ಟೆ ಉರಿ, ಎಲ್ಲವೂ ಆ ಬೆಂಚಿಗೆ ಗೊತ್ತಿತ್ತು.

ನನ್ನ ಅವ್ವನ ಹೆಸರು ಗಿರಿಜಾ. ತಿರ್ಲಾಪುರದ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಊರಲ್ಲಿ ಗಿರಿಜಕ್ಕೋರು. ಪ್ರತಿದಿನ ಕ್ಲಾಸಿಗೆ ಹೋದ ಕೂಡಲೇ ಬೋರ್ಡಿನ ಮೇಲ್ತುದಿಯಲ್ಲಿ ವಾರ, ದಿನಾಂಕ, ಹಾಜರಿ ಬರೆದು ಅದರ ಕೆಳಗೆ ನೇರವಾದ ಗೆರೆ ಎಳೆಯುವುದು ಅವಳ ರೂಢಿ. ದಿನ ತಪ್ಪದೆ ದಿನಚರಿ ಬರೆಯುವ ನನ್ನ ಚಟ ಅಲ್ಲಿಂದ ಬಂದದ್ದು. ಅವಳ ತರಗತಿಯಲ್ಲಿ ಮೂವರು ಮಂಜುನಾಥರಿದ್ದಾರೆ. ಹಾಜರಿ ಹಾಕುವಾಗ ಮೂವರನ್ನೂ ಅಪ್ಪನ ಹೆಸರು, ಮನೆತನದ ಹೆಸರು ಸೇರಿಸಿ ಕರೆದು, ಪ್ರತಿಯೊಬ್ಬನೂ ಎದ್ದು ನಿಂತ ಮೇಲೆ ಅವನ ಮುಖ ನೋಡಿ ಗುರುತು ಹಾಕುತ್ತಾಳೆ.

ಜೂನ್‌ನಲ್ಲಿ ಶಾಲೆಯ ಕಪಾಟಿನ ಮೇಲಿಂದ ನಕ್ಷೆಗಳ ಕಟ್ಟು ಇಳಿಸುವಾಗ ಅವಳ ಬಲಭುಜದಲ್ಲಿ ಏನೋ ಚಟ್ ಎಂದಿತು. ಅಂದಿನಿಂದ ಕೈ ಮೇಲೇಳಲಿಲ್ಲ. ಭುಜದೊಳಗಿನ ಸ್ನಾಯು ಹರಿದಿದೆ ಎಂದರು ಭುಜದ ಡಾಕ್ಟರು. ಹುಬ್ಬಳ್ಳಿಯಲ್ಲಿ ಅವರೇ ಆಪರೇಷನ್ ಮಾಡಿದರು. ಗಾಯದ ಗುರುತು ನಾಲ್ಕೇ ನಾಲ್ಕು, ಎಳ್ಳಿನಷ್ಟು ಸಣ್ಣವು. ಹರಿದ ಸ್ನಾಯುವನ್ನು ಎಲುಬಿಗೆ ಹೊಲಿದಿದ್ದರು. ಆರು ವಾರ ಕೊರಳಿಗೆ ಕಟ್ಟಿದ ನೀಲಿ ಬೆಲ್ಟಿನೊಳಗೆ ಕೈ ಇರಬೇಕು, ತಾನಾಗಿ ಎತ್ತಲೇಬಾರದು ಎಂದು ಅಲ್ಲಿನ ನರ್ಸ್ ಎರಡೆರಡು ಸಲ ಹೇಳಿ ಕಳಿಸಿದಳು.

ಆ ವಾರಗಳಲ್ಲಿ ಅವ್ವನ ತುರುಬು ನಾನೇ ಕಟ್ಟುತ್ತಿದ್ದೆ. ಅವಳಿಗೆ ಅದೊಂದು ಸಂಕಟ. "ನೀ ಕಟ್ಟಿದ್ದು ಮಧ್ಯಾಹ್ನಕ್ಕ ಬಿಚ್ಚತೈತಿ. ನನ್ನ ತುರುಬು ನಾ ಕಟ್ಟಿಕೊಂಡು ಸಾಲಿಗೆ ಹೋಗಬೇಕು, ಅಷ್ಟ ಸಾಕು ನನಗ" ಎನ್ನುತ್ತಿದ್ದಳು. ಕೈ ತಲೆಯ ಹಿಂದೆ ಹೋಗಬೇಕು, ಬೋರ್ಡಿನ ಮೇಲ್ತುದಿ ಮುಟ್ಟಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ಆಪರೇಷನ್ ಆದ ಮೂರನೆಯ ವಾರ ತೋರಿಸಲು ಹೋದೆವು. ಬೆಂಚಿನ ಮೇಲೆ ನಮ್ಮೂರಿನ ನೀಲವ್ವ ಕೂತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಬಲಭುಜ ತಾನೇ ತಾನಾಗಿ ಬಿಗಿದು ಕಟ್ಟಿಗೆಯಂತಾಗಿತ್ತು. ಅವಳಿಗೆ ಆಪರೇಷನ್ ಗೀಪರೇಷನ್ ಏನೂ ಇಲ್ಲ. ಮೊದಲ ಸಲ ಬಂದಿದ್ದಳು, ಅವಳ ಎಕ್ಸ್‌ರೇ ಆಗಲೇ ಒಳಗೆ ಹೋಗಿತ್ತು. ಅಂದು ಡಾಕ್ಟರಿಗೆ ಹುಬ್ಬಳ್ಳಿಗೆ ಬೇಗ ಹಿಂದಿರುಗುವ ಗಡಿಬಿಡಿ. ಬಸಪ್ಪ ಬಂದು "ತಿರ್ಲಾಪುರದ ಬಲ" ಎಂದು ಕೂಗಿದ. ಇಬ್ಬರೂ ಎದ್ದರು. "ನೀವು ಮೊದಲ ಹೋಗ್ರಿ ಅಕ್ಕೋರ, ಸಾಲಿ ಅದ ನಿಮಗ" ಎಂದು ನೀಲವ್ವ ಕೂತಳು.

ಜೊತೆಗೆ ಬಂದವರು ಪರದೆಯಿಂದಾಚೆ ನಿಲ್ಲಬೇಕೆಂಬುದು ಅಲ್ಲಿಯ ಕಾಯಿದೆ. ಪರದೆಯ ಸಂದಿಯಲ್ಲಿ ನನಗೆ ಅವರ ಬೆನ್ನು ಕಾಣುತ್ತಿತ್ತು. ಅವರು ಒಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು; ಅದು ನೀಲವ್ವನದು ಎಂದು ನನಗೆ ತಿಳಿದದ್ದು ಆಮೇಲೆ. ಅವ್ವ ನಮ್ಮ ಕಡೆಯ ಹೆಂಗಸರಂತೆ ಎರಡೂ ಭುಜ ಮುಚ್ಚಿ ಸೆರಗು ಹೊದ್ದಿದ್ದಳು, ನೀಲಿ ಬೆಲ್ಟು ಅದರೊಳಗೇ ಇತ್ತು. ಮುಖವನ್ನಂತೂ ಅವರು ಎಂದೂ ನೋಡಿದವರಲ್ಲ. ಆ ಗುರುವಾರ ಭುಜವನ್ನೂ ನೋಡಲಿಲ್ಲ.

"ಇದು ಬಿಗದೈತಿ. ಸುಮ್ನ ಇಟ್ಟಷ್ಟೂ ಬಿಗೀತೈತಿ. ಗ್ವಾಡಿ ಮುಂದ ನಿಂತು ಬೆರಳಲೆ ಕೈ ಮ್ಯಾಲ ಏರಸ್ಬೇಕು. ದಿನಾ. ಇವತ್ತಿನಕಿಂತ ನಾಳೆ ಒಂದು ಬೆರಳು ಮ್ಯಾಲ. ನೋವಾದ್ರೂ ಬಿಡಬ್ಯಾಡ."

"ಡಾಕ್ಟರ್ರಿ, ಆರು ವಾರ ಎತ್ತಬಾರದು ಅಂತ—"

"ನೀ ಮಾತಾಡಬ್ಯಾಡ. ಭುಜ ಮಾತಾಡ್ಲಿ. ಬಸಪ್ಪಾ, ಮುಂದಿನವರು."

ಹೊರಗೆ ಬಂದ ಅವ್ವನಿಗೆ, ಮತ್ತೊಮ್ಮೆ ಒಳಗೆ ಹೋಗಿ ವಿಚಾರಿಸೋಣ ಎಂದೆ. ಬಸಪ್ಪ ಕೈ ಅಡ್ಡ ಹಿಡಿದ. "ಬ್ಯಾಡ್ರಿ ತಂಗೆವ್ವಾ. ಎರಡನೇ ಸಲ ಕೇಳಿದ್ರ ಸಾಹೇಬ್ರಿಗೆ ಆಗೂದಿಲ್ಲ." ಅವ್ವನೂ ಅಂದಳು, "ಹೊಲಿಗಿ ಲಗೂನ ಕೂಡಿರಬೇಕು. ಹೊಲಿಗಿ ಹಾಕಿದವರಿಗೆ ಗೊತ್ತಿರೂದಿಲ್ಲೇನು?"

ಅವ್ವ ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಮರುದಿನ ಬೆಳಿಗ್ಗೆ ಬೆಲ್ಟು ಬಿಚ್ಚಿ ನಡುಮನೆಯ ಗೋಡೆಯ ಮುಂದೆ ನಿಂತಳು. ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದಾಗಿ ನಡೆಸಿ, ಕೈ ಎಲ್ಲಿ ನಿಂತಿತೋ ಅಲ್ಲಿ ಎಡಗೈಯಿಂದ ಶಾಲೆಯ ಸೀಮೆಸುಣ್ಣದ ಖಡುವಿನಲ್ಲಿ ಬಿಳಿ ಗೆರೆ ಎಳೆದು, ಪಕ್ಕದಲ್ಲಿ ಸಣ್ಣದಾಗಿ ವಾರ ಬರೆದಳು. ಮರುದಿನ ಅದರ ಮೇಲೆ ಒಂದು ಬೆರಳು. ಮುಖ ಬೆವರುತ್ತಿತ್ತು. ಕೆಳತುಟಿಯಲ್ಲಿ ಹಲ್ಲಿನ ಗುರುತು ಮೂಡುತ್ತಿತ್ತು. "ಇವತ್ತು ಬಿಡು ಅವ್ವಾ" ಎಂದರೆ "ಹುಡುಗರಿಗೆ ಮಗ್ಗಿ ತಪ್ಪಿದ್ರ ಬಿಡತೀನೇನು?" ಎನ್ನುತ್ತಿದ್ದಳು. ಎರಡನೆಯ ಸೋಮವಾರ ಗೆರೆ ಅವಳ ಕಣ್ಣಿನ ಮಟ್ಟ ದಾಟಿತು. ಆ ಸಂಜೆ ಅವಳು ನಗುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಕೈ ಅದಕ್ಕಿಂತ ಮೇಲೆ ಹೋಯಿತು. ಅಲ್ಲಿಂದ ಒಮ್ಮೆಲೆ ಕಡಿದ ಹಗ್ಗದಂತೆ ಕೆಳಗೆ ಬಿತ್ತು. ಅವ್ವ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು.

ಆ ಗುರುವಾರ ಡಾಕ್ಟರು ಭುಜ ನೋಡಿದರು. ಅಲ್ಲಾಡಿಸಿ ನೋಡಿದರು. ಲವಂಗ ಎಡದಿಂದ ಬಲಕ್ಕೆ ಹೋಯಿತು.

"ಹೊಲಿಗಿ ಹರಕೊಂಡಿ. ಏನ್ ಮಾಡಿದಿ?"

"ನೀವು ಹೇಳಿದ್ದ ಮಾಡೇನ್ರಿ. ಗ್ವಾಡಿ ಏರಸು ಅಂದಿದ್ರಿ."

"ಹೊಲಿಗಿ ಹಾಕಿದ ಭುಜಕ್ಕ ನಾ ಗ್ವಾಡಿ ಹೇಳ್ತೀನೇನು? ನನಗೇನು ತಲಿ ಕೆಟ್ಟೈತಿ? ನೀವು ಹಳ್ಳಿ ಮಂದಿ ಒಂದು ಮಾತು ನೆಟ್ಟಗ ಕೇಳೂದಿಲ್ಲ. ಆಮ್ಯಾಲ ಡಾಕ್ಟರ್ ಹೇಳ್ಯಾರ ಅಂತೀರಿ."

ಪರದೆ ಅರ್ಧ ಸರಿದಿತ್ತು, ಬೆಂಚಿನವರೆಲ್ಲ ಕೇಳಿಸಿಕೊಂಡರು. ಸ್ನಾಯುವಿನ ತುದಿ ಚಿಂದಿಯಾಗಿರುತ್ತದೆ, ಮತ್ತೆ ಹೊಲಿದರೂ ನಿಲ್ಲುವ ಭರವಸೆ ಇಲ್ಲ, ಕೈ ಎದೆಯ ಮಟ್ಟಕ್ಕೆ ಬಂದರೆ ದೊಡ್ಡದು ಎಂದು ಅವರು ಹೇಳಿದ್ದನ್ನೂ ಕೇಳಿಸಿಕೊಂಡರು. ಇಡೀ ಹಾದಿ ಬಸ್ಸಿನಲ್ಲಿ ಅವ್ವ ಒಂದೇ ಮಾತು ಆಡಿದಳು. "ನಾ ನೆಟ್ಟಗ ಕೇಳೂದಿಲ್ಲಂತ."

ಕೈ ಹೋದದ್ದಕ್ಕಿಂತ ಆ ಮಾತು ಅವಳನ್ನು ಹೆಚ್ಚು ತಿಂದಿತು. ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದು ಅವಳು ಅನುಮಾನಿಸತೊಡಗಿದಳು. ನಾನೂ ಕೇಳಿಸಿಕೊಂಡಿದ್ದೇನೆ ಎಂದರೂ, ಮಗಳು ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂಬಂತೆ ನೋಡುತ್ತಿದ್ದಳು.

ಭಾನುವಾರ ಗಿರಣಿಗೆ ಜೋಳ ಹಾಕಿಸಲು ಹೋದಾಗ ನೀಲವ್ವ ಸಿಕ್ಕಳು. ಅವಳ ಕೊರಳಲ್ಲಿ ಹೊಸ ನೀಲಿ ಬೆಲ್ಟು.

"ನಿನಗ್ಯಾಕ ಇದು ನೀಲವ್ವ?" ಎಂದಳು ಅವ್ವ.

"ಏನ್ ಹೇಳ್ಲಿ ಅಕ್ಕೋರ. ಅವತ್ತ ನಿಮ್ಮ ಹಿಂದ ಒಳಗ ಹೋದ್ನೆಲ್ಲ. ಒಂದು ಕಾಗದ ಹಿಡಕೊಂಡು ಕೂತಿದ್ರು. 'ಬೆಲ್ಟ್ ಎಲ್ಲೈತಿ?' ಅಂತ ಗದರಿಸಿದ್ರು. ಇಲ್ಲರಿ ಅಂದೆ. 'ಕಳದೀ? ಬಸಪ್ಪಾ, ಇನ್ನೊಂದು ಕೊಡು' ಅಂದ್ರು. ಮೂರು ವಾರ ಕೈ ಅಲ್ಲಾಡಸಬ್ಯಾಡ ಅಂದಾರ. ಮೊದಲ ಹಣಿ ಮಟ ಆದ್ರೂ ಏಳ್ತಿತ್ತು. ಈಗ ನೋಡ್ರಿ, ಬಾಯಿಗೆ ತುತ್ತು ಒಯ್ಯಾಕ ಆಗವಲ್ದು."

ಗಿರಣಿ ಸದ್ದು ಮಾಡುತ್ತಲೇ ಇತ್ತು. ಅವ್ವ ನೀಲವ್ವನ ಬೆಲ್ಟನ್ನು ನೋಡಿದಳು, ಆಮೇಲೆ ನನ್ನನ್ನು. ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಅವಳಿಗೆ ಹೇಳಬೇಕಾದ್ದನ್ನು ಇವಳಿಗೆ, ಇವಳಿಗೆ ಹೇಳಬೇಕಾದ್ದನ್ನು ಅವಳಿಗೆ ಹೇಳಿದ್ದರು. ಹೆಸರು ಹಿಡಿದು ಒಂದು ಸಲ ಕರೆದಿದ್ದರೆ ಸಾಕಾಗಿತ್ತು. ಇಲ್ಲವೆ ಒಂದು ಸಲ ಕತ್ತೆತ್ತಿ ನೋಡಿದ್ದರೆ. ಇಲ್ಲವೆ ಅವ್ವನ ಆ ಒಂದು ವಾಕ್ಯ ಮುಗಿಯಲು ಬಿಟ್ಟಿದ್ದರೆ.

"ನಾ ನೆಟ್ಟಗ ಕೇಳೇನಿ" ಎಂದಳು ಅವ್ವ. ಅಂದಿನ ರಾತ್ರಿ ಅವಳು ಸರಿಯಾಗಿ ನಿದ್ದೆ ಮಾಡಿದಳು.

ಮುಂದಿನ ಗುರುವಾರ ಮೂವರೂ ನವಲಗುಂದಕ್ಕೆ ಹೋಗಿ ಅದೇ ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಮಲ್ಲಪ್ಪಜ್ಜ. ಬಸಪ್ಪ ಬಂದು "ತಿರ್ಲಾಪುರದ ಬಲ" ಎಂದ. ಯಾರೂ ಏಳಲಿಲ್ಲ. ಮತ್ತೆ ಕೂಗಿದ. ನೀಲವ್ವ ಏಳಲು ಹೋದವಳನ್ನು ಅವ್ವ ಎಡಗೈಯಿಂದ ಹಿಡಿದು ಕೂರಿಸಿದಳು. ಮೂರನೆಯ ಸಲಕ್ಕೆ ಪರದೆ ಸರಿಯಿತು, ಡಾಕ್ಟರೇ ಬಂದರು.

"ಕಿವಿ ಕೇಳಸ್ತಾವೋ ಇಲ್ಲೋ?"

"ಕೇಳಸ್ತಾವ್ರಿ" ಎಂದಳು ಅವ್ವ. ತರಗತಿಯಲ್ಲಿ ಮಾತಾಡುವ ದನಿ ಅದು, ಏರಿರಲಿಲ್ಲ. "ತಿರ್ಲಾಪುರದ ಬಲ ಇಬ್ಬರದೀವಿ. ನನ್ನ ಹೆಸರು ಗಿರಿಜಾ. ಹೊಲಿಗಿ ಹಾಕಿದ್ದು ನನಗ. ಈಕಿ ನೀಲವ್ವ. ಭುಜ ಬಿಗದದ್ದು ಈಕಿದು. ಅವತ್ತ ಯಾರಿಗೆ ಗ್ವಾಡಿ ಹೇಳಿದ್ರಿ, ಯಾರಿಗೆ ಬೆಲ್ಟ್ ಕೊಟ್ರಿ?"

ಆಗ ಅವರು ನೋಡಿದರು. ಮೊದಲು ಅವ್ವನ ಮುಖ, ಆಮೇಲೆ ನೀಲವ್ವನ ಮುಖ, ಅವಳ ಕೊರಳಿನ ಬೆಲ್ಟು, ಮತ್ತೆ ಅವ್ವನ ಮುಖ. ಲವಂಗ ಹೊರಳಲಿಲ್ಲ, ದವಡೆ ನಿಂತಿತ್ತು. ಅವರಿಗೆ ತಿಳಿಯಿತು. ತಿಳಿದದ್ದು ನಮಗೆಲ್ಲರಿಗೂ ಕಂಡಿತು. ಒಂದು ಮಾತು ಬರುತ್ತದೆ ಎಂದು ಇಡೀ ಬೆಂಚು ಕಾಯಿತು. ಬಸಪ್ಪ ನೆಲ ನೋಡುತ್ತಿದ್ದ.

ಡಾಕ್ಟರು ಪರದೆ ಎಳೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅದೇ ಮೆಲುದನಿ ಬಂತು. "ಅಣ್ಣಿಗೇರಿ ಎಡ."

ಬಸಪ್ಪ ಅದನ್ನು ಕೂಗಲಿಲ್ಲ. ಮಲ್ಲಪ್ಪಜ್ಜರು ಎದ್ದು, ಅಪ್ಪಣೆ ಕೇಳುವವರಂತೆ ಅವ್ವನನ್ನು ನೋಡಿದರು. "ಹೋಗ್ರಿ ಅಜ್ಜಾರ. ನಿಮ್ಮ ನೋವು ನಿಮಗ" ಎಂದಳು ಅವ್ವ. ಅವರು ಒಳಗೆ ಹೋದರು. "ನಡೀರಿ, ಹೋಗೂಣು" ಎಂದು ಅವ್ವ ನೀಲವ್ವನ ಬೆಲ್ಟನ್ನು ಬಿಚ್ಚಿ ಬೆಂಚಿನ ಮೇಲಿಟ್ಟಳು.

ಅದೇ ಕೊನೆ. ನಾಲ್ಕು ವಾರದ ನಂತರ ಭುಜದ ಡಾಕ್ಟರು ನವಲಗುಂದಕ್ಕೆ ಬರುವುದನ್ನು ಬಿಟ್ಟರು. ಯಾಕೆಂದು ಬಸಪ್ಪನಿಗೂ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಅವರ ಕೆಲಸ ಚೆನ್ನಾಗಿ ನಡೆದಿದೆಯಂತೆ. ನೀಲವ್ವ ಬೇರೆಯವರ ಹತ್ತಿರ ಹೋಗಿ, ಗೋಡೆ ಏರಿಸಿ ಏರಿಸಿ, ಈಗ ತಲೆಗೆ ತಾನೇ ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಅವ್ವನ ಕೈ ಎದೆಯ ಮಟ್ಟದಲ್ಲಿ ನಿಂತಿದೆ. ಬೋರ್ಡಿನ ಮೇಲಿನ ಅರ್ಧ ಖಾಲಿ ಬಿಟ್ಟು, ನಡುವಿನಲ್ಲಿ ದಿನಾಂಕ ಬರೆದು, ಅದರ ಕೆಳಗೆ ಪಾಠ ಬರೆಯುತ್ತಾಳೆ. ಹಿಂದೆ ಕೂತ ಮಕ್ಕಳು ಎದ್ದು ನಿಂತು ನೋಡಿ ಬರೆದುಕೊಳ್ಳುತ್ತಾರೆ.

ಅವಳು ಈಗ ಅವರ ಸುದ್ದಿ ಎತ್ತುವುದಿಲ್ಲ. ನಾನು ಎತ್ತಿದರೆ "ಹೋಗ್ಲಿ ಬಿಡು, ಅವರ ಮನಸ್ಸಿಗೂ ಚುಚ್ಚಿರಬೇಕು" ಎನ್ನುತ್ತಾಳೆ. ಚುಚ್ಚಿರಲಿ. ನಾನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವ್ವ ನನಗೆ ಬೆನ್ನು ಹಾಕಿ ಮಣೆಯ ಮೇಲೆ ಕೂರುತ್ತಾಳೆ. ಮಧ್ಯಾಹ್ನಕ್ಕೆ ಬಿಚ್ಚದಂತೆ ತುರುಬು ಬಿಗಿಯುವುದನ್ನು ನಾನೀಗ ಕಲಿತಿದ್ದೇನೆ. ಕೂದಲು ಸುತ್ತುವಾಗ ಎದುರಿಗೆ ಅದೇ ಗೋಡೆ, ಅದರ ಮೇಲೆ ಖಡುವಿನ ಗೆರೆಗಳು. ಆಗ ಆ ಮನುಷ್ಯ ಕಣ್ಣ ಮುಂದೆ ಬರುತ್ತಾರೆ: ಮಡಚಿದ ತೋಳು, ನಿಂತ ದವಡೆ, ಎಡ ಹುಬ್ಬಿನ ತುದಿಯ ಮಚ್ಚೆ. ಎಲ್ಲಿ ಕಂಡರೂ ಗುರುತು ಹಿಡಿಯುವಷ್ಟು ಅವರ ಮುಖ ನನಗೆ ಗೊತ್ತಿದೆ.