ಸಾಣೆಯಮ್ಮನ ಎದುರಿನ ಸ್ಟೂಲು

ಬೆಳಗಿನ ಐದೂವರೆ. ಬೀದಿಯ ಅಂಗಡಿಗಳೆಲ್ಲ ಕಣ್ಣು ಮುಚ್ಚಿಕೊಂಡಿವೆ. ಒಂದೇ ಒಂದು ಷಟರ್ ಮೊಣಕಾಲೆತ್ತರಕ್ಕೆ ಎದ್ದಿದೆ, ಒಳಗಿನಿಂದ ಸರ್ರ್ ಎಂಬ ಸದ್ದು ಬರುತ್ತಿದೆ. ಬಗ್ಗಿ ಒಳಗೆ ಹೋದರೆ ಅರವತ್ತಮೂರರ ಹೆಂಗಸೊಬ್ಬರು ತಿರುಗುವ ಸಾಣೆಕಲ್ಲಿನ ಮುಂದೆ ಕೂತಿದ್ದಾರೆ. ರಾತ್ರಿ ಬಾಗಿಲ ಕೊಕ್ಕೆಗೆ ತಗುಲಿಹಾಕಿ ಹೋದ ಬಟ್ಟೆ ಚೀಲಗಳಿಂದ ಒಂದೊಂದೇ ಕತ್ತರಿ ತೆಗೆಯುತ್ತಾರೆ, ತಿರುಪು ಬಿಚ್ಚುತ್ತಾರೆ, ಅಲಗನ್ನು ಕಲ್ಲಿಗೆ ಕೊಡುತ್ತಾರೆ.

ದರ್ಜಿಗಳೂ ಕ್ಷೌರದವರೂ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅಷ್ಟರೊಳಗೆ ಕತ್ತರಿ ಅವರ ಕೈಗೆ ಸೇರಿರಬೇಕು. “ಗಿರಾಕಿ ಕುರ್ಚಿ ಮೇಲೆ ಕೂತ ಮೇಲೆ ಕತ್ತರಿ ಬಂತು ಅಂದ್ರೆ ಏನು ಬಂತು? ಅದಕ್ಕೇ ಊರು ಏಳೋಕೆ ಮುಂಚೆ ನಾನು ಏಳೋದು,” ಎನ್ನುತ್ತಾರೆ. ಅವರಿಗೊಂದು ಹೆಸರಿದೆ, ಆದರೆ ಬೀದಿಗೆ ಅವರು ಸಾಣೆಯಮ್ಮ. ಮನೆಗೆ ಬರುವ ಕಾಗದಗಳಲ್ಲಿ ಬಿಟ್ಟರೆ ಆ ಹೆಸರಿನಿಂದ ಯಾರೂ ಕರೆದಂತಿಲ್ಲ.

ದಿನಕ್ಕೆ ನಲವತ್ತೈದು ಕತ್ತರಿ. ಒಂದೊಂದಕ್ಕೆ ಆರೇಳು ನಿಮಿಷ. ಕಲ್ಲು ಏಳೆಂಟು ತಿಂಗಳಿಗೆ ಸವೆದು ಬದಲಾಗುತ್ತದೆ. ಬೆರಳುಗಳನ್ನು ಬದಲಾಯಿಸುವಂತಿಲ್ಲವಲ್ಲ, ಅವು ಈಗ ಮೊಂಡು ಬಿದ್ದಿವೆ. ಕಲ್ಲಿನ ನಡುಕ ನಲವತ್ತೊಂದು ವರ್ಷ ಕೈಗೆ ಹತ್ತಿ, ಬಲಗೈಯ ಮೂರು ಬೆರಳು ಮಧ್ಯಾಹ್ನದ ಹೊತ್ತಿಗೆ ಜೋಮು ಹಿಡಿಯುತ್ತವೆ. ಕಳೆದ ವರ್ಷ ಒಂದು ಕ್ಷೌರದ ಕತ್ತರಿ ಕೈಜಾರಿ ಬಿದ್ದಾಗಲೇ ಅವರು ಯಜಮಾನರ ಹತ್ತಿರ ಹೇಳಿದ್ದು: ಇನ್ನು ಒಬ್ಬರಿಗೆ ಕಲಿಸಿಬಿಡಬೇಕು.

ಕಲಿಸುವುದಾದರೆ ಕಾಗದಪತ್ರ ಮಾಡಿಕೊಂಡೇ ಕಲಿಸಬೇಕು ಎಂಬುದು ಅವರ ಹಟ. ಅದಕ್ಕೊಂದು ಹಳೆಯ ನೋವಿದೆ. ಅವರು ಕಲಿತದ್ದು ಮಾವನಿಂದ. ಮಾವನ ಭುಜದ ಹಿಂದೆ ನಿಂತು ಕಲ್ಲಿಗೆ ನೀರು ಹಾಕುತ್ತಾ ಹತ್ತೊಂಬತ್ತು ವರ್ಷ. ಮಾವನ ಮಗನಿಗೆ, ಅಂದರೆ ಸಾಣೆಯಮ್ಮನ ಯಜಮಾನರಿಗೆ, ಕಲ್ಲಿನ ಸದ್ದೆಂದರೆ ಹಲ್ಲು ಜುಮ್ಮೆನ್ನುತ್ತಿತ್ತು, ಅವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾದರು. ವಿದ್ಯೆ ಸೊಸೆಗೆ ಬಂತು. ಆದರೆ ಮಾವ ತೀರಿಕೊಂಡ ಮಾರನೇ ತಿಂಗಳೇ ದರ್ಜಿಗಳು ಕತ್ತರಿ ಕೊಡುವುದು ನಿಲ್ಲಿಸಿದರು. “ನಿನಗೆ ಕಲಿಸಿದವರು ಯಾರಮ್ಮ, ಏನು ಸಾಕ್ಷಿ ಅಂದ್ರು. ಸಾಕ್ಷಿ ಹೇಳಬೇಕಾದವರೇ ಹೋಗಿಬಿಟ್ಟಿದ್ರಲ್ಲ,” ಎಂದು ಈಗ ನಗುತ್ತಾರೆ. ಆಗ ಎರಡು ವರ್ಷ ನಕ್ಕಿರಲಿಲ್ಲ.

ಕಲಿಯಲು ಬಂದವರು ನಲವತ್ತೊಂದರ ಹೆಂಗಸು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಬಟ್ಟೆ ಕತ್ತರಿಸಿದವರು. ಕಾರ್ಖಾನೆ ಮುಚ್ಚಿತು. ಅಲ್ಲಿ ಅಂಟಿದ ‘ಕಟಿಂಗ್ ಮೇಡಂ’ ಎಂಬ ಹೆಸರು ಮಾತ್ರ ಜೊತೆಗೇ ಬಂತು. ಕತ್ತರಿ ಎಲ್ಲಿ ಕಚ್ಚುತ್ತದೆ, ಎಲ್ಲಿ ಬಿಡುತ್ತದೆ ಎಂದು ಅಂಗೈಯಲ್ಲೇ ಗೊತ್ತಾಗುವ ಇಂಥವರನ್ನು ದುಡ್ಡು ಕೊಟ್ಟರೂ ಹುಡುಕಲಾಗದು ಎಂದು ಸಾಣೆಯಮ್ಮ ಹಿಗ್ಗಿದರು.

ಆಮೇಲೆ ಶುರುವಾಯಿತು ನೋಡಿ ಗೊಂದಲ. ಕಸುಬು ಕಲಿಸಲು ಜನ ಇಟ್ಟುಕೊಳ್ಳುವವರು ತರಬೇತಿ ಕಚೇರಿಗೆ ತುಂಬಿಕೊಡಬೇಕಾದ ಅರ್ಜಿ ಹನ್ನೊಂದು ಪುಟ. ಮೊದಲ ಪುಟದಲ್ಲೇ ಕಲಿಸುವವರ ಪ್ರಮಾಣಪತ್ರ ಕೇಳಿದ್ದರು. ಅದಿಲ್ಲದಿದ್ದರೆ ಹತ್ತು ವರ್ಷಕ್ಕೂ ಹಳೆಯ ಮೂವರು ಗಿರಾಕಿಗಳ ಪತ್ರ ಸಾಕು ಎಂದು ಕಚೇರಿಯ ಅಧಿಕಾರಿ, ಮೂವತ್ತು ದಾಟದ ಹೆಣ್ಣುಮಗಳು, ತಾಳ್ಮೆಯಿಂದ ತಿಳಿಸಿದರು. ಕ್ಷೌರದಂಗಡಿಯವರು ಬರೆದುಕೊಟ್ಟ ಪತ್ರದಲ್ಲಿ ಒಂದೇ ಸಾಲು: “ಈ ತಾಯಿ ಸಾಣೆ ಹಿಡಿದ ಕತ್ತರಿಯಲ್ಲಿ ಕೂದಲು ತೆಗೆದರೆ ಗಿರಾಕಿಗೆ ನಿದ್ದೆ ಬರುತ್ತದೆ.” ಅದೂ ನಡೆಯಿತು.

ಐವತ್ತೆರಡು ವಾರ ಏನೇನು ಕಲಿಸುತ್ತೀರಿ ಎಂಬ ಪಟ್ಟಿ ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತು. ಯಜಮಾನರು ಪೆನ್ನು ಹಿಡಿದು ಕೇಳಿದರು, “ಮೊದಲನೇ ವಾರ?”

“ನೀರು ಹಾಕೋದು.”

“ಎರಡನೇ ವಾರ?”

“ನೀರು ಹಾಕೋದು.”

“ಮೂರನೇದು?”

“ನೀರು ಹಾಕೋದು ನಿಲ್ಲಿಸಬೇಕಾದ್ದು ಯಾವಾಗ ಅಂತ.”

ನಿವೃತ್ತ ಗುಮಾಸ್ತರು ಸೋಲುವವರಲ್ಲ. ‘ಶೀತಕ ದ್ರವದ ನಿರ್ವಹಣೆ, ಭಾಗ ಒಂದು, ಎರಡು, ಮೂರು’ ಎಂದು ದುಂಡಗೆ ಬರೆದರು. ಕಚೇರಿ ಒಪ್ಪಿತು. ಕೂಲಿ, ರಜೆ, ಕೆಲಸದ ಹೊತ್ತು ಎಲ್ಲ ಬರೆದ ಒಪ್ಪಂದಕ್ಕೆ ಇಬ್ಬರೂ ಹೆಂಗಸರು ಸಹಿ ಹಾಕಿದರು. ಷರತ್ತು ಒಂದೇ. ಆರು ವಾರಕ್ಕೆ ಅಧಿಕಾರಿ ಬಂದು, ಕಲಿಯುವವರ ಕೈಯಲ್ಲಿ ಒಂದು ಕತ್ತರಿಗೆ ಸಾಣೆ ಹಿಡಿಸಿ ನೋಡುತ್ತಾರೆ. ಸರಿಬರದಿದ್ದರೆ ಒಪ್ಪಂದ ರದ್ದು, ಇನ್ನೆರಡು ವರ್ಷ ಬೇರೆ ಅರ್ಜಿ ಹಾಕುವಂತಿಲ್ಲ. ಸಾಣೆಯಮ್ಮ ತಮ್ಮ ಬೆರಳುಗಳನ್ನು ನೋಡಿಕೊಂಡರು. ಅವಕ್ಕೆ ಎರಡು ವರ್ಷ ಇರಲಿಲ್ಲ.

ಆಗ ಅಂಗಡಿಯ ಮೇಜಿನ ಮೇಲೆ ಎರಡು ಕಲ್ಲುಗಳು ಎದುರುಬದುರಾಗಿದ್ದವು. ಒಂದರ ಮುಂದೆ ಸಾಣೆಯಮ್ಮ, ಇನ್ನೊಂದರ ಮುಂದೆ ಸ್ಟೂಲು ಹಾಕಿಕೊಂಡು ಕಟಿಂಗ್ ಮೇಡಂ. ಎದುರಿಗೇ ಇದ್ದರೆ ಕೈ ಚೆನ್ನಾಗಿ ಕಾಣುತ್ತದೆ ಎಂಬ ಲೆಕ್ಕಾಚಾರ. ಸಾಣೆಯಮ್ಮ ಮಾವ ಹೇಳುತ್ತಿದ್ದುದನ್ನೇ ಹೇಳಿಕೊಟ್ಟರು: ಅಲಗನ್ನು ನೆಟ್ಟಗೆ ಕೊಡಬೇಡ, ತುದಿ ಒಂದು ಚೂರು ಕಿಟಕಿ ಕಡೆ ವಾಲಲಿ. ಹಾಗೆ ವಾಲಿದಾಗ ಅಲಗಿನ ಅಂಚಿನಲ್ಲಿ ಸಣ್ಣ ಓರೆ ಗೀರುಗಳು ಏಳುತ್ತವೆ. ಬಟ್ಟೆಯನ್ನು ಹಿಡಿದಿಡುವುದು ಆ ಗೀರುಗಳೇ.

ಕಟಿಂಗ್ ಮೇಡಂ ಹೇಳಿದಂತೆಯೇ ಮಾಡಿದರು. ಕತ್ತರಿ ಚೂಪಾಯಿತು. ಉಗುರಿನ ಮೇಲೆ ಎಳೆದರೆ ಪುಡಿ ಬರುವಷ್ಟು ಚೂಪು. ಆದರೆ ಬಟ್ಟೆಗೆ ಹಾಕಿದರೆ ಬಟ್ಟೆ ತುಂಡಾಗದೆ ಮುಂದೆ ಮುಂದೆ ಜಾರುತ್ತಿತ್ತು. “ಅಮ್ಮಾ, ಓಡಿಹೋಗ್ತಾ ಇದೆ!” ಎಂದು ಅವರು ಕೂಗಿದರು.

ಕಲ್ಲು ಬದಲಾಯಿಸಿದರು. ನೀರು ಹೆಚ್ಚು ಮಾಡಿ ನೋಡಿದರು, ಕಡಿಮೆ ಮಾಡಿ ನೋಡಿದರು. ತಿರುಪು ಬಿಗಿ ಮಾಡಿದರು, ಸಡಿಲ ಮಾಡಿದರು. ಸಾಣೆಯಮ್ಮ ಎದುರಿನ ಕೈಯನ್ನೇ ದಿಟ್ಟಿಸಿ ನೋಡಿದರು. ತುದಿ ಕಿಟಕಿ ಕಡೆಗೇ ವಾಲಿದೆ, ತಪ್ಪೇನೂ ಕಾಣದು. ಇಬ್ಬರದೂ ಒಂದೇ ಕೆಲಸ. ಒಂದು ಕತ್ತರಿ ಬಟ್ಟೆ ಕತ್ತರಿಸುತ್ತದೆ, ಇನ್ನೊಂದು ಬಟ್ಟೆಯನ್ನು ಅಟ್ಟುತ್ತದೆ. ನಾಲ್ಕು ವಾರ ಹೀಗೆಯೇ ಕಳೆಯಿತು. ತಲೆ ಕೆಟ್ಟು ಮೊಸರುಗಡಿಗೆಯಾಗುವುದೊಂದೇ ಬಾಕಿ.

“ನನ್ನ ಕೈಯೇ ಸರಿಯಿಲ್ಲ ಬಿಡಿ ಅಮ್ಮ,” ಎಂದು ಕಟಿಂಗ್ ಮೇಡಂ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಎದ್ದರು. “ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಿಮ್ಮ ಅರ್ಜಿ ನನ್ನಿಂದ ಹಾಳಾಗೋದು ಬೇಡ.”

“ಕೂತ್ಕೋ ಸುಮ್ನೆ,” ಎಂದರು ಸಾಣೆಯಮ್ಮ. ಆಮೇಲೆ ಮನೆಯಲ್ಲಿ ಯಜಮಾನರೆದುರು ಕಣ್ಣೊರೆಸಿಕೊಂಡರಂತೆ. “ಮಾಡೋಕೆ ಬರುತ್ತೆ, ಕಲಿಸೋಕೆ ಬರಲ್ಲ ಅಂತಾಯ್ತು. ಹಾಗಾದ್ರೆ ನಾನು ಕಲಿತಿದ್ದೇನು? ನನಗೇ ಅರ್ಥ ಆಗ್ಲಿಲ್ಲ,” ಎಂದು ಅದನ್ನು ನೆನೆಯುವಾಗ ಈಗಲೂ ದನಿ ತಗ್ಗುತ್ತದೆ.

ಕೊನೆಗೆ ಈ ಗಂಟು ಬಿಡಿಸಿದ್ದು ಅದೇ ಹಾಳು ಅರ್ಜಿ. ಅಧಿಕಾರಿ ಬರುವ ಮೊದಲು ಕೊನೆಯ ಪುಟ ಕೊಡಬೇಕಿತ್ತು: ಕೆಲಸದ ಜಾಗದ ನಕ್ಷೆ, ಇಬ್ಬರೂ ಕೂರುವ ಜಾಗ, ಬೆಳಕು ಬರುವ ದಿಕ್ಕು. ಯಜಮಾನರು ಅಳತೆಪಟ್ಟಿ ಹಿಡಿದು ಸಂಭ್ರಮದಿಂದ ಗೆರೆ ಎಳೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. “ಕಲಿಸುವವರು, ಬೆಳಕು ಬಲಗಡೆಯಿಂದ. ಕಲಿಯುವವರು, ಬೆಳಕು ಎಡಗಡೆಯಿಂದ.”

“ತಪ್ಪು ಬರೆದಿದ್ದೀರಿ,” ಎಂದರು ಸಾಣೆಯಮ್ಮ. “ಇರೋದು ಒಂದೇ ಕಿಟಕಿ.”

“ಕಿಟಕಿ ಒಂದೇ ಕಣೇ. ಕೂತಿರೋದು ಎದುರುಬದುರು. ಬೇಕಾದ್ರೆ ಹೋಗಿ ಅಲ್ಲಿ ಕೂತು ನೋಡು.”

ಆ ಕಲ್ಲು ತಂದು ಎಷ್ಟೋ ವರ್ಷವಾಗಿದ್ದರೂ ಸಾಣೆಯಮ್ಮ ಒಮ್ಮೆಯೂ ಆ ಕಡೆ ಕೂತಿರಲಿಲ್ಲ. ಅಂದು ಹೋಗಿ ಕೂತರು. ಕತ್ತರಿಯ ಅಲಗು ಕೈಗೆತ್ತಿಕೊಂಡು ತುದಿಯನ್ನು ಕಿಟಕಿ ಕಡೆ ವಾಲಿಸಲು ಹೋದರು. ಕೈ ಒಪ್ಪಲಿಲ್ಲ. ಮಣಿಕಟ್ಟು ತಾನಾಗಿ ಗೋಡೆಯ ಕಡೆಗೆ, ಬಲಕ್ಕೆ, ತಿರುಗಿತು. ಮತ್ತೊಮ್ಮೆ ನೋಡಿದರು. ಮತ್ತೆ ಗೋಡೆಯ ಕಡೆಗೇ. ಮಾವನ ಹಿಂದೆ ನಿಂತಿದ್ದವರಿಗೆ ಮಾವನ ಬಲ ತಮ್ಮ ಬಲವೇ ಆಗಿತ್ತು, ಕಿಟಕಿಯೂ ಬಲಕ್ಕೇ ಇತ್ತು. ಎದುರು ಕೂತವರಿಗೆ ಕಿಟಕಿ ಎಡಕ್ಕೆ. ಪಾಪ, ಹೇಳಿದ್ದನ್ನು ಅಕ್ಷರಶಃ ಪಾಲಿಸಿ ನಾಲ್ಕು ವಾರ ಗೀರುಗಳನ್ನೆಲ್ಲ ತಿರುಗಾಮುರುಗಾ ಎಬ್ಬಿಸಿದ್ದರು.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಎಂದು ಸಾಣೆಯಮ್ಮ ಹಣೆ ಹಣೆ ಚಚ್ಚಿಕೊಂಡು ನಕ್ಕರು. ಅದೇ ಹೊತ್ತಿಗೆ ಎರಡನೇ ಕಲ್ಲು ಮೇಜಿನ ಈ ಬದಿಗೆ, ಅವರ ಪಕ್ಕಕ್ಕೆ ಬಂತು. ಯಜಮಾನರು ಬೇಸರಪಟ್ಟುಕೊಂಡು ನಕ್ಷೆಯನ್ನು ಮೊದಲಿನಿಂದ ಬರೆದರು.

ಉಳಿದದ್ದು ಹದಿಮೂರು ದಿನ. ದಿನಕ್ಕೆ ಇಪ್ಪತ್ತು ಹಳೆಯ ಕತ್ತರಿಗಳ ಮೇಲೆ ಕಟಿಂಗ್ ಮೇಡಂ ಕೈ ತಿದ್ದಿಕೊಂಡರು. ಕಲಿತ ತಪ್ಪನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಕಡೆಯ ದಿನದವರೆಗೂ ಒಮ್ಮೊಮ್ಮೆ ಬಟ್ಟೆ ಜಾರಿತು.

ಇಂದು ಆ ಭೇಟಿಯ ದಿನ. ಅಧಿಕಾರಿ ಏಳಕ್ಕೇ ಬಂದಿದ್ದಾರೆ. ಚೀಲದಿಂದ ಒಂದೇ ಅಳತೆಯ, ಒಂದೇ ಕಂಪನಿಯ ಎರಡು ಮೊಂಡು ಕತ್ತರಿ ತೆಗೆದು ಒಂದನ್ನು ಕಲಿಸುವವರಿಗೆ, ಇನ್ನೊಂದನ್ನು ಕಲಿಯುವವರಿಗೆ ಕೊಡುತ್ತಾರೆ. ಎರಡನ್ನೂ ಹೋಲಿಸಿ ಅಂಕ ಹಾಕುವುದು ನಿಯಮ. ಪಕ್ಕಪಕ್ಕದ ಕಲ್ಲುಗಳು ತಿರುಗುತ್ತವೆ. ಕೆಲಸ ಮುಗಿದದ್ದೇ ತಡ, ಯಜಮಾನರು ಉತ್ಸಾಹದಿಂದ ಎರಡು ಕತ್ತರಿಗಳನ್ನೂ ಸೀಮೆಎಣ್ಣೆಯ ತಟ್ಟೆಗೆ ಹಾಕಿ ತೊಳೆದು, ಒರೆಸಿ, ಬಿಳಿ ಬಟ್ಟೆಯ ಮೇಲೆ ಅಂದವಾಗಿ ಇಡುತ್ತಾರೆ.

“ಇದರಲ್ಲಿ ಕಲಿಯುವವರದು ಯಾವುದು ಸರ್?” ಎಂದು ಅಧಿಕಾರಿ ಕೇಳುತ್ತಾರೆ.

ಯಜಮಾನರ ಮುಖ ಬಿಳಿಚುತ್ತದೆ. ಕತ್ತರಿಗಳನ್ನು ನೋಡುತ್ತಾರೆ, ಹೆಂಡತಿಯನ್ನು ನೋಡುತ್ತಾರೆ. “ಇವಳು ಹೇಳ್ತಾಳೆ ಮೇಡಂ. ಕತ್ತರಿ ಆಡಿಸಿದ್ರೆ ಸಾಕು, ಯಾರ ಸಾಣೆ ಅಂತ ಇವಳಿಗೆ ಗೊತ್ತಾಗುತ್ತೆ.”

ಅದು ನಿಜ. ಬೇರೆಯವರು ಸಾಣೆ ಹಿಡಿದ ಕತ್ತರಿ ಬಂದರೆ ಸಾಣೆಯಮ್ಮ ಒಂದು ಸಲ ಕತ್ತರಿಸಿದ ಕೂಡಲೇ ಮೂಗು ಮುರಿಯುತ್ತಾರೆ. ತೆಳ್ಳನೆಯ ಬಟ್ಟೆ ಎತ್ತಿಕೊಂಡು ಮೊದಲನೆಯದರಲ್ಲಿ ಕತ್ತರಿಸುತ್ತಾರೆ. ಎರಡನೆಯದರಲ್ಲಿ ಕತ್ತರಿಸುತ್ತಾರೆ. ಕಣ್ಣು ಮುಚ್ಚಿಕೊಂಡು ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಹುಬ್ಬು ಗಂಟಾಗುತ್ತದೆ. ಕಟಿಂಗ್ ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಾರೆ.

“ಗೊತ್ತಾಗ್ತಿಲ್ಲ ಮೇಡಂ,” ಎನ್ನುತ್ತಾರೆ ಸಾಣೆಯಮ್ಮ ಮೆಲ್ಲಗೆ. “ಯಾವುದು ನಂದು, ಯಾವುದು ಇವಳದು, ನನಗೇ ಗೊತ್ತಾಗ್ತಿಲ್ಲ.”

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತೇ ಇದೆ. “ಹಾಗಾದ್ರೆ ನಾನು ಯಾವುದಕ್ಕೆ ಅಂಕ ಹಾಕ್ಲಿ ಅಮ್ಮ?”

“ಯಾವುದಕ್ಕಾದ್ರೂ ಹಾಕಿ,” ಎನ್ನುತ್ತಾರೆ ಸಾಣೆಯಮ್ಮ. “ಕಡಿಮೆ ಹಾಕಿದ್ರೆ ಮಾತ್ರ ನಾವಿಬ್ಬರೂ ಜಗಳಕ್ಕೆ ಬರ್ತೀವಿ.”