ಅಡುಗೆಮನೆಯ ಗೋಡೆಗೆ ಯಾರ ಗ್ಯಾರಂಟಿ

ನಾಲ್ಕೂವರೆಗೆ ಏಳುವುದು. ನಳ ಬರುವ ದಿನವಾದರೆ ಕೊಡ, ಬಕೆಟ್ಟು, ಹಿತ್ತಲ ಬ್ಯಾರಲ್ಲು ತುಂಬಿಸುವುದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿಟ್ಟು, ತಾನೂ ಮಿಂದು, ಯಾರೂ ಮುಟ್ಟದಂತೆ ಗಳದ ಮೇಲೆ ಒಣಗಹಾಕಿದ್ದ ಮಡಿಸೀರೆ ಉಡುವುದು. ದೇವರ ಪಾತ್ರೆ ತಿಕ್ಕುವುದು. ಹೂ ಬಿಡಿಸಿಡುವುದು. ಗಂಡನ ಡಬ್ಬಿಗೆ, ತನ್ನ ಡಬ್ಬಿಗೆ ಪಲ್ಯ ಹೆಚ್ಚುವುದು. ಎರಡು ತಿಂಗಳಿಂದ ಗೌತಮಿಯ ಈ ಕೆಲಸಗಳ ನಡುವೆ ಇನ್ನೊಂದು ಬಂದು ಸೇರಿತ್ತು. ಹಾಲಿನ ಪಾತ್ರೆ ಒಲೆಗೆ ಏರುವ ಮೊದಲು, ಗೋಡೆಯಿಂದ ರಾತ್ರಿಯೆಲ್ಲ ಉದುರಿದ ಬಣ್ಣದ ಹಕ್ಕಳೆಗಳನ್ನು ಕಟ್ಟೆಯ ಮೇಲಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸುವುದು.

ತಿಳಿ ಹಳದಿ ಬಣ್ಣ. ಒಂದೂವರೆ ವರ್ಷದ ಹಿಂದೆ, ಯುಗಾದಿಯ ಮುಂಚೆ ಹಚ್ಚಿಸಿದ್ದು. ಹಚ್ಚಿದವನು ಹಣಮೇಶ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹೊಸ ಮನೆ ಕಟ್ಟಿಸಿದವರೆಲ್ಲ ಅವನ ಹೆಸರು ಹೇಳುತ್ತಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವ ಗಂಡ ವ್ಯಾಸರಾಜ ತನ್ನ ಸಹೋದ್ಯೋಗಿಯ ಮನೆಯ ಮುಂಭಾಗವನ್ನು ರಸ್ತೆಯಲ್ಲಿ ನಿಂತು ನೋಡಿ ಮೆಚ್ಚಿ ಬಂದಿದ್ದ. ಆ ಮನೆಯ ಅಡುಗೆಮನೆಯನ್ನು ಅವನು ನೋಡಲಿಲ್ಲ. ನೋಡಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ಹಣಮೇಶ ಮೂರು ವರ್ಷದ ಗ್ಯಾರಂಟಿ ಎಂದು ಕಾರ್ಡಿನ ಮೇಲೆ ಬರೆದು ಕೊಟ್ಟಿದ್ದ. ಹಾಲ್, ಮಲಗುವ ಕೋಣೆ, ಹೊರಗೋಡೆಗಳಲ್ಲಿ ಅವನ ಕೆಲಸ ಸರಾಗವಾಗಿ ನಡೆಯಿತು. ಅಡುಗೆಮನೆಗೆ ಬಂದಾಗ ಅತ್ತೆ ಅನಸೂಯಾಬಾಯಿ ಅಡ್ಡ ನಿಂತರು. ದೇವರ ಗೂಡು ಅಡುಗೆಮನೆಯಲ್ಲಿಯೇ ಇತ್ತು. ನೈವೇದ್ಯವಾಗುವವರೆಗೆ ಹೊರಗಿನವರು ಕಾಲಿಡಕೂಡದು, ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ಬರಲಿ, ಎರಡು ದಿನದಲ್ಲಿ ಮುಗಿಸಲಿ ಎಂದರು. ಅಷ್ಟರಲ್ಲಿ ಎಣ್ಣೆಜಿಡ್ಡು ತೊಳೆದು, ಹಳೆಯ ಬಣ್ಣ ಕೆರೆದು, ಒಣಗಿಸಿ, ಪುಟ್ಟಿ ತುಂಬಿ, ಪ್ರೈಮರ್ ಹಚ್ಚಿ, ಮೇಲೆ ಎರಡು ಸಲ ಬಣ್ಣ ಹಚ್ಚಲು ಆಗುವುದಿಲ್ಲ ಎಂದು ಹಣಮೇಶ ಹೇಳಿದ. ಆಗ ವ್ಯಾಸರಾಜ, ತೊಳೆಯುವುದು ಕೆರೆಯುವುದು ತಾನೆ, ಅದನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಎಂದುಬಿಟ್ಟ.

ಮನೆಯಲ್ಲಿ ಎಂದರೆ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಗೌತಮಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಬಂದು, ಸ್ಟೂಲಿನ ಮೇಲೆ ನಿಂತು, ತಗಡಿನ ಪಟ್ಟಿಯಿಂದ ನಾಲ್ಕು ಸಂಜೆ ಗೋಡೆ ಕೆರೆದಳು. ಬಟ್ಟೆಸೋಡಾ ಕಲಸಿದ ನೀರಿನಿಂದ ತೊಳೆದಳು. ಬಲಗೈಯ ಹೆಬ್ಬೆರಳ ಉಗುರು ಎದ್ದುಬಂತು. ಐದನೆಯ ದಿನ, ಗೋಡೆ ಪೂರ್ತಿ ಆರುವ ಮೊದಲೇ ಹಣಮೇಶನ ಮಂದಿ ಬಂದು ಬಣ್ಣ ಹೊಡೆದು ಹೋದರು. ಬಂದ ನೆಂಟರೆಲ್ಲ ಮನೆ ಬಂಗಾರದ ಹಾಗಾಗಿದೆ ಎಂದು ವ್ಯಾಸರಾಜನನ್ನು ಹೊಗಳಿದರು.

ಈಗ ಆ ಗೋಡೆ ಒಲೆಯ ಹಿಂದಿನಿಂದ ಹಿಡಿದು ದೇವರ ಗೂಡಿನವರೆಗೆ ಬಣ್ಣ ಬಿಡುತ್ತ ಬಂದಿತ್ತು. ಮೂರು ಸಲ ಫೋನು ಮಾಡಿದ ಮೇಲೆ ಹಣಮೇಶ ಬಂದ. ಒರಟು ಮನುಷ್ಯನಲ್ಲ. ಚಪ್ಪಲಿ ಹೊರಗೆ ಬಿಟ್ಟು, ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಇಣುಕಿದ.

“ಅಕ್ಕೋರ, ಹಾಲ್‌ನಾಗ ಎಲ್ಲೆರೆ ಬಿಟ್ಟೈತೇನ್ರಿ? ಹೊರಗಿನ ಗ್ವಾಡಿ ಬಿಟ್ಟೈತೇನ್ರಿ? ಇದೊಂದ ಗ್ವಾಡಿ ಬಿಟ್ಟೈತಿ. ಇದನ್ನ ಕೆರದಾವರು ಯಾರ್ರಿ?”

“ನಾನು.”

“ಹಂಗಾರ ಇದರ ಗ್ಯಾರಂಟಿ ನೀವ ಕೊಡಬೇಕಲ್ರಿ.”

ಅವನು ನಗುತ್ತ ಹೇಳಿದ, ವ್ಯಾಸರಾಜನೂ ನಕ್ಕ. ಗೌತಮಿ ಕಾರ್ಡು ತೆಗೆದು ಹಿಂದುಮುಂದು ನೋಡಿದಾಗ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪೆನ್ನಿನಿಂದ ಬರೆದಿತ್ತು: ಅಡುಗೆಮನೆ ಕೆರೆದು ತೊಳೆಯುವ ತಳಕೆಲಸ ಮನೆಯವರದು, ಅದಕ್ಕೆ ಗ್ಯಾರಂಟಿ ಇಲ್ಲ. ಕೆಳಗೆ ವ್ಯಾಸರಾಜನ ಸಹಿ. ಬಣ್ಣದ ಕಂಪನಿಯ ವಾರಂಟಿಯನ್ನಾದರೂ ಕೇಳೋಣವೆಂದು ಗೌತಮಿ ಅಂಗಡಿಗೆ ಹೋದಳು. ಅಂಗಡಿಯವನು ಡಬ್ಬಿಯ ಮೇಲಿನದನ್ನು ಓದಿ ಹೇಳಿದ. ಗೋಡೆಯನ್ನು ಸರಿಯಾಗಿ ಸಿದ್ಧಮಾಡಿರಬೇಕು, ತೇವವಿರಬಾರದು, ಇಷ್ಟೆಲ್ಲ ಇದ್ದೂ ಬಣ್ಣವೇ ಕೆಟ್ಟಿದ್ದರೆ ಬೇರೆ ಬಣ್ಣ ಕೊಡುತ್ತಾರೆ, ಹಚ್ಚುವ ಕೂಲಿ ಅದರಲ್ಲಿ ಬರುವುದಿಲ್ಲ. ಎಲ್ಲ ದಾರಿಯೂ ತಿರುಗಿ ಅವಳ ತಗಡಿನ ಪಟ್ಟಿಗೇ ಬಂದು ನಿಲ್ಲುತ್ತಿತ್ತು. ಕೆರೆಯುವಾಗ ಅದು ಮನೆಗೆಲಸವಾಗಿತ್ತು. ಗೋಡೆ ಕೆಟ್ಟ ಮೇಲೆ ಪೇಂಟರ್ ಕೆಲಸವಾಯಿತು, ಅದೂ ಕೆಟ್ಟ ಪೇಂಟರನದು.

“ಇಷ್ಟಕ್ಕೆಲ್ಲ ಯಾಕ ತಲಿ ಕೆಡಿಸ್ಕೋತಿ?” ಎಂದ ವ್ಯಾಸರಾಜ. “ಹಣಮೇಶ ಏನು ಹೊರಗಿನಾಂವ ಅಲ್ಲ. ಇನ್ನೊಂದು ಕೋಟ್ ಹೊಡದು ಕೊಡ್ತೇನಿ ಅಂದಾನ. ಕೆರಿಯೂದೊಂದು ನೀ ದಸರಾ ಸುಟಿಯೊಳಗ ಮುಗಿಸಿಬಿಡು.”

ಅತ್ತೆ ತಮ್ಮ ಕಾಲದ ಮಾತು ತೆಗೆದರು. ಬಾದಾಮಿಯ ಮನೆಯಲ್ಲಿ ವರ್ಷಕ್ಕೊಮ್ಮೆ ತಾವೇ ಸುಣ್ಣ ಬಳಿಯುತ್ತಿದ್ದುದು, ಬಸುರಿಯಾಗಿದ್ದಾಗಲೂ ನಿಚ್ಚಣಿಕೆ ಏರಿದ್ದು. “ನಮಗ ಯಾರು ಗ್ಯಾರಂಟಿ ಬರದು ಕೊಟ್ಟಿದ್ರವಾ?” ಎಂದರು. ಅವರ ದನಿಯಲ್ಲಿ ಹೆಮ್ಮೆಯೇ ಹೆಚ್ಚಿತ್ತೋ ನೋವೋ, ಗೌತಮಿಗೆ ತಿಳಿಯಲಿಲ್ಲ.

ಶಾಲೆಯಲ್ಲಿ ಜೊತೆಗೆ ಕಲಿಸುವ ನಾಗರತ್ನಾಳಿಗೆ ಇದನ್ನು ಹೇಳಿಕೊಂಡಾಗ ಅವಳು, ಚೊಳಚಗುಡ್ಡದ ತನ್ನ ತವರಿಗೆ ಬಂದು ಗೋಡೆ ನೋಡು ಎಂದಳು. ಅಲ್ಲಿ ಬಣ್ಣ ಹಚ್ಚಿ ಮೂರು ಮಳೆಗಾಲ ಕಳೆದಿತ್ತು. ಭಾನುವಾರ ಇಬ್ಬರೂ ಬಸ್ಸು ಹಿಡಿದು ಹೋದರು. ನಾಗರತ್ನಾಳ ತಾಯಿ ಶಿವಲಿಂಗವ್ವ ಪಡಸಾಲೆಯಲ್ಲಿ ಕೂಡಿಸದೆ ನೇರ ಅಡುಗೆಮನೆಗೆ ಕರೆದೊಯ್ದು, ರೊಟ್ಟಿ ಬಡಿಯುವ ಒಲೆಯ ಹಿಂದೆ ಅಂಗೈ ಇಟ್ಟು ಉಜ್ಜಲು ಹೇಳಿದರು. ಗೌತಮಿ ಉಜ್ಜಿದಳು. ಅಂಗೈಗೆ ಪುಡಿ ಹತ್ತಲಿಲ್ಲ. ಬಚ್ಚಲಿಗೆ ತಾಗಿದ ಮೂಲೆಯಲ್ಲಿ ಮಾತ್ರ ಅಂಗೈಯಗಲದ ತೇಪೆ, ಬಣ್ಣ ತುಸು ಬೇರೆ. ಎರಡನೆಯ ವರ್ಷ ಅಲ್ಲಿ ಉಬ್ಬಿತ್ತಂತೆ. ಹೇಳಿಕಳಿಸಿದ ನಾಲ್ಕನೆಯ ದಿನ, ಬಣ್ಣ ಹಚ್ಚಿದ್ದ ಹೆಂಗಸೇ ಬಂದು ಸರಿಮಾಡಿ, ಒಂದು ಚಹಾ ಕುಡಿದು ಹೋದಳಂತೆ. ಕೆಡದ ಗೋಡೆಗಿಂತ ಆ ತೇಪೆಯನ್ನೇ ಗೌತಮಿ ಹೆಚ್ಚು ಹೊತ್ತು ನೋಡಿದಳು.

ಆ ಹೆಂಗಸು ಬಾದಾಮಿಯ ಶಹರಬಾನು. ಗಂಡನಿಗೆ ನೀರು, ಪುಟ್ಟಿ ಕಲಸಿಕೊಡುತ್ತ ಕಲಿತವಳು. ಈಗ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ತಾನೇ ಕೆಲಸ ಹಿಡಿಯುತ್ತಾಳೆ. ಮುಂದಿನ ಶನಿವಾರ ಮಧ್ಯಾಹ್ನ, ಅತ್ತೆ ಮಠಕ್ಕೆ ಪ್ರವಚನ ಕೇಳಲು ಹೋದಾಗ, ಗೌತಮಿ ಅವಳನ್ನು ಕರೆಸಿದಳು. ಶಹರಬಾನು ಯಾವ ಬಣ್ಣ ಬೇಕೆಂದು ಕೇಳಲಿಲ್ಲ. ಗೋಡೆಯ ಆಚೆ ಏನಿದೆ ಎಂದು ಕೇಳಿದಳು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಸದ್ದು ಕೇಳಿದಳು. ಒಂದು ಹಕ್ಕಳೆ ಎಬ್ಬಿಸಿ ಬೆನ್ನು ತಿರುಗಿಸಿ ನೋಡಿದಳು. ಜಿಡ್ಡು ಒಳಗೇ ಉಳಿದಿದೆ, ಹಸಿ ಗೋಡೆಯ ಮೇಲೆ ಹಚ್ಚಿದ್ದಾರೆ ಎಂದಳು.

ಆಮೇಲೆ ಗೌತಮಿಯ ನೋಟ್‌ಬುಕ್ಕಿನ ಹಾಳೆಯಲ್ಲಿ ತಾನು ಹೇಳಿದ್ದನ್ನು ಬರೆಸಿದಳು. ಎರಡು ವರ್ಷದೊಳಗೆ ಎದ್ದರೆ, ಉಬ್ಬಿದರೆ, ಬಣ್ಣವೂ ಕೂಲಿಯೂ ತನ್ನದು. ಹೇಳಿದ ಎಂಟು ದಿನದಲ್ಲಿ ಬರುವುದು. ಬಚ್ಚಲಿನ ಪೈಪು ಸೋರಿದರೆ, ಹೊಸ ಮೊಳೆ ಹೊಡೆದರೆ ಅದು ಇದರಲ್ಲಿ ಇಲ್ಲ. ಅಡುಗೆಮನೆ ಎಂಟು ದಿನ ಪೂರ್ತಿ ಖಾಲಿ, ಒಲೆ ಹಚ್ಚುವಂತಿಲ್ಲ, ಬೆಳಗಿನಿಂದ ಸಂಜೆಯವರೆಗೆ ಬಾಗಿಲು ತೆರೆದಿರಬೇಕು.

“ಮೂರು ವರ್ಷ ಅಂತ ನಾ ಬರಿಯಾಂಗಿಲ್ರಿ, ಅಷ್ಟು ನನಗ ಭರೋಸಾ ಇಲ್ಲ,” ಎಂದಳು. “ಮತ್ತ ಒಂದು ಮಾತು, ಬಾಯಾರ. ಕೆರಿಯೂದರಿಂದ ಹಿಡದು ನೆಲಾ ಒರಸೂತನ ನಮ್ಮ ಕೆಲಸ. ನಡುವ ನೀವೊಂದು ಕೈ ಹಚ್ಚಿದ್ರೂ ನಾ ಜವಾಬ್ದಾರ ಅಲ್ಲ. ಇದನ್ನೂ ಬರೀರಿ.”

ಗೌತಮಿ ಬರೆದಳು. ಆ ಮನೆಯಲ್ಲಿ ಅವಳು ಕೈ ಹಚ್ಚಬಾರದೆಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಹಾಳೆಯ ಕೆಳಗೆ ಶಹರಬಾನು ಸಹಿ ಹಾಕಿದಳು. ಪಕ್ಕದಲ್ಲಿ ಮನೆಯವರ ಸಹಿಯ ಜಾಗ ಖಾಲಿ ಇತ್ತು. ಹದಿಮೂರು ದಿನ ಅದು ಖಾಲಿಯೇ ಉಳಿಯಿತು. ಒಂದು ಗೋಡೆಗಾಗಿ ಎಂಟು ದಿನ ಅಡುಗೆಮನೆ ಮುಚ್ಚುವುದೆಂದರೇನು ಎಂದ ವ್ಯಾಸರಾಜ. ಹಣಮೇಶ ಏನು ತಿಳಿದುಕೊಂಡಾನು ಎಂದೂ ಸೇರಿಸಿದ. ಅತ್ತೆ ಹಾಳೆಯ ಮೇಲಿನ ಹೆಸರನ್ನು ಎರಡು ಸಲ ಓದಿ, ಚಾತುರ್ಮಾಸ ಮುಗಿಯಲಿ ಎಂದರು. ಮುಗಿದ ಮೇಲೆ ಇನ್ನೊಂದು ಬರುತ್ತದೆಂದು ಗೌತಮಿಗೆ ಗೊತ್ತಿತ್ತು. ಹೊಸ ಮರಳುಕಾಗದದ ಸುರುಳಿಯೊಂದನ್ನು ವ್ಯಾಸರಾಜ ತಂದು ಫ್ರಿಜ್ಜಿನ ಮೇಲೆ ಇಟ್ಟಿದ್ದ. ಅವಳಿಗೆ ಉಪಕಾರವಾಗಲಿ ಎಂದು.

ಶುಕ್ರವಾರ ಬೆಳಗಿನ ಐದೂಕಾಲು. ಕಟ್ಟೆ ಗುಡಿಸಿ, ಎರಡು ಸಲ ಒರೆಸಿ, ನೈವೇದ್ಯದ ಹಾಲನ್ನು ಒಲೆಗೆ ಇಟ್ಟು ತಿರುಗುವಷ್ಟರಲ್ಲಿ ರೊಟ್ಟಿಯಗಲದ ಹಕ್ಕಳೆಯೊಂದು ಗೋಡೆಯಿಂದ ಕಳಚಿ ನೇರ ಪಾತ್ರೆಗೆ ಬಿತ್ತು. ಅವಳು ಗ್ಯಾಸು ಆರಿಸಿದಳು. ಹಾಲನ್ನು ಚೆಲ್ಲಲಿಲ್ಲ, ಹಕ್ಕಳೆಯನ್ನು ತೆಗೆಯಲೂ ಇಲ್ಲ. ಪಾತ್ರೆಯನ್ನು ಹಾಗೆಯೇ, ಎದ್ದು ಬಂದವರಿಗೆ ಮೊದಲು ಕಾಣುವಂತೆ ಕಟ್ಟೆಯ ನಡುವೆ ಇಟ್ಟಳು.

ಒಳಗೆ ಇಬ್ಬರೂ ಮಲಗಿದ್ದರು. ವ್ಯಾನಿಟಿ ಬ್ಯಾಗಿನಿಂದ ಹಾಳೆ ತೆಗೆದಳು. ಮಡಿಸೀರೆ ಉಟ್ಟಿದ್ದೇನೆ, ಚರ್ಮದ ಬ್ಯಾಗು ಮುಟ್ಟಬಾರದು ಎಂಬುದು ಮುಟ್ಟಿದ ಮೇಲೆ ನೆನಪಾಯಿತು. ಮನೆಯವರ ಸಹಿಯ ಜಾಗದಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಫೋಟೋ ತೆಗೆದು ಶಹರಬಾನುವಿಗೆ ಕಳಿಸಿದಳು, ಸೋಮವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಎಂದು.

ಆಮೇಲೆ ಇನ್ನೊಂದು ಹಾಳೆ ಹರಿದು, ಸೋಮವಾರದಿಂದ ಎಂಟು ದಿನ ಒಲೆಯೂ ದೇವರೂ ಹಿತ್ತಲ ಪಡಸಾಲೆಯಲ್ಲಿ ಎಂದು ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆ ಒಲೆಯನ್ನು ಹಚ್ಚುವವರು ಯಾರೆಂದು ಅದರಲ್ಲಿ ಬರೆಯಲಿಲ್ಲ. ಮರಳುಕಾಗದದ ಸುರುಳಿಯನ್ನು ಎತ್ತಿಕೊಂಡು ಹೋಗಿ ವ್ಯಾಸರಾಜನ ಡಬ್ಬಿಯ ಚೀಲದಲ್ಲಿ ಇಟ್ಟಳು.