ಸಂಗವ್ವನ ಖಾನಾವಳಿಯ ಪರದೆಯ ಹಿಂದೆ

ಸುಮಾ, ಮಹಾಂತೇಶ, ನಾಟಕ ಕಂಪನಿಗಳು ತಗಡು, ಪರದೆ, ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ಊರಿಂದೂರಿಗೆ ಬರುತ್ತಿದ್ದ ಆ ದಿನಗಳ ಬಗ್ಗೆ ನೀವು ಎಷ್ಟೋ ಸಲ ಕೇಳಿದ್ದೀರಿ. ನಗೆಯ ಮಾತು ನಾಲ್ಕು ಹೇಳಿ ನಾನು ಎದ್ದುಹೋಗುತ್ತಿದ್ದೆ. ಒಂದು ನಾಟಕಕ್ಕೆ ಹೋದ ಕಥೆ ಮಾತ್ರ ಹೇಳಿರಲಿಲ್ಲ. ಎದುರು ಕೂತು ಹೇಳುವಷ್ಟು ಬಾಯಿ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಮಾದನಹಿಪ್ಪರಗಾದಲ್ಲಿದ್ದೆವು. ನಾನು ಐದನೇ ಇಯತ್ತೆ. ನನ್ನ ಅಕ್ಕ ನಿಂಬೆವ್ವ ಮದುವೆಯ ವಯಸ್ಸಿಗೆ ಬಂದಿದ್ದಳು. ನನಗೆ ಅವಳು ನಿಂಬೆಕ್ಕ. ಜೋಳದ ಸಿವುಡು ಕಟ್ಟುವುದರಲ್ಲಿ ಗಂಡಾಳುಗಳು ಅವಳಿಗಿಂತ ಹಿಂದೆ ಬೀಳುತ್ತಿದ್ದರು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು, ದಾರಿಯುದ್ದಕ್ಕೂ ನಾಟಕದ ರಾಣಿಯ ಹಾಗೆ ಮಾತಾಡುತ್ತ ಬರುತ್ತಿದ್ದಳು. ಉಣ್ಣುವಾಗಲೂ ಹಾಗೇ, ಮನಸ್ಸಿಟ್ಟು ಉಣ್ಣುತ್ತಿದ್ದಳು. ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಹಿಂಡಿಯ ಮೇಲೆ ಹಸಿ ಎಣ್ಣೆ, ಅದನ್ನು ಮಡಚಿ ಕಚ್ಚುವುದು ನೋಡಿದರೆ ಉಂಡವರಿಗೂ ಮತ್ತೆ ಹಸಿವಾಗುತ್ತಿತ್ತು.

ಹಿಂದೊಮ್ಮೆ ಹೆಣ್ಣು ನೋಡಲು ಬಂದವರು ನಮ್ಮ ಮನೆಯಲ್ಲಿ ಉಂಡು ಏಳುವಾಗ ಅವರಲ್ಲೊಬ್ಬಳು, "ಹುಡುಗಿ ಛಲೋ ಇದ್ದಾಳ್ರಿ, ಆದ್ರ ತುತ್ತು ಗಂಡಸರ ತುತ್ತು" ಎಂದು ನಕ್ಕಳು. ಅವರು ತಿರುಗಿ ಬರಲಿಲ್ಲ. ಮಾತು ಮಾತ್ರ ಬಾವಿಕಟ್ಟೆಯಲ್ಲಿ ಉಳಿಯಿತು. ಅವ್ವ ಅದನ್ನು ಮರೆಯಲಿಲ್ಲ.

ಸುಗ್ಗಿ ಮುಗಿದ ಮೇಲೆ ಅಫಜಲಪುರದ ಕಡೆಯಿಂದ ಒಂದು ಸಂಬಂಧ ಬಂತು. ವರನ ತಾಯಿ ಗೌರಾಬಾಯಿ. ಆಕೆ ಹೇಳಿ ಕಳಿಸಿದ್ದು ಹೀಗೆ: "ಮನಿಗಿ ಬರೂದು, ಊರ ಮಂದಿ ಬಾಗಿಲಾಗ ನಿಂತು ನೋಡೂದು ಬ್ಯಾಡ. ಆಳಂದದಾಗ ನಾಟಕ ನಡದದ. ನೀವೂ ಬರ್ರಿ, ನಾವೂ ಬರ್ತೀವಿ. ಕೂಡಿ ಉಂಡು ನಾಟಕ ನೋಡೂನು. ಮನಸ್ಸಿಗಿ ಬಂದ್ರ ಮುಂದಿನ ಮಾತು, ಇಲ್ಲಂದ್ರ ನಾಟಕ ನೋಡಿದಂಗಾಯ್ತು."

ಅಪ್ಪನಿಗೆ ಇದು ಬಹಳ ಹಿಡಿಸಿತು. ಇನ್ನೊಮ್ಮೆ ಬೇಡವೆನ್ನಿಸಿಕೊಂಡರೂ ಊರಿಗೆ ಗೊತ್ತಾಗುವುದಿಲ್ಲ. ಆದರೆ ಉಣ್ಣುವುದು ಎಲ್ಲಿ ಎಂಬ ಚರ್ಚೆ ವಾರವಿಡೀ ನಡೆಯಿತು.

"ಬಸ್‌ಸ್ಟ್ಯಾಂಡ್ ಮುಂದಿನ ಉಡುಪಿ ಹೋಟೆಲಿಗಿ ಹೋಗೂನು. ಮೇಜದಾವ, ಕನ್ನಡಿ ಅದಾವ" ಎಂದ ಅಪ್ಪ.

"ಅಲ್ಲಿ ಎಲ್ಲಾರಿಗೂ ಒಂದೇ ಅಳತಿ ಹಾಕ್ತಾರಲ್ಲ, ಅದೇ ಛಲೋ" ಎಂದಳು ಅವ್ವ.

"ದರ್ಗಾ ಹಾದ್ಯಾಗಿನ ಹೋಟೆಲಿನ್ಯಾಗ ಬನ್ ಸಿಗ್ತಾವ" ಎಂದೆ ನಾನು.

"ಬನ್ ತಿನ್ನಿಸಿ ಬೀಗಸ್ತನ ಮಾಡ್ತೀ ಏನು ಬೇ?" ಎಂದು ನಿಂಬೆಕ್ಕ ನನ್ನ ಜಡೆ ಎಳೆದಳು.

ಹೊರಡುವ ಮಧ್ಯಾಹ್ನ ಅವ್ವ ಅಕ್ಕನನ್ನು ಒಲೆಯ ಮುಂದೆ ಕೂಡಿಸಿ ಹಾಲು ರೊಟ್ಟಿ ಉಣ್ಣಿಸಿದಳು. ಬೇಡವೆಂದರೂ ಬಿಡಲಿಲ್ಲ. ಮೇಲೆ ಅನ್ನ ಮಜ್ಜಿಗೆ.

"ಅಲ್ಲಿ ಅರ್ಧ ರೊಟ್ಟಿ ಮುರದು ಸಾಕ್ರಿ ಅನ್ನು. ಆಣಿ ಹಾಕಿದ್ರೂ ಮತ್ತ ಮುಟ್ಟಬ್ಯಾಡ."

"ಹಂಗಾರ ಅವರ ಮನಿಗಿ ಹೋದಮ್ಯಾಲ ದಿನಾ ಅರ್ಧ ರೊಟ್ಟಿನೇ ಏನು, ಯವ್ವಾ?"

"ಮೊದ್ಲ ಕೊಳ್ಳಾಗ ತಾಳಿ ಬೀಳ್ಲಿ. ಆಮ್ಯಾಲ ಬುಟ್ಟಿ ಖಾಲಿ ಮಾಡೀಯಂತ."

ಇಬ್ಬರೂ ನಕ್ಕರು. ಬಸ್ಸು ಹತ್ತುವ ಖುಷಿಯಲ್ಲಿ ನಾನು ಏನೂ ತಿನ್ನಲಿಲ್ಲ. ನನಗೆ ಉಣ್ಣು ಎನ್ನಲು ಯಾರಿಗೂ ನೆನಪಾಗಲಿಲ್ಲ.

ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಗೌರಾಬಾಯಿ ನಮಗಿಂತ ಮೊದಲೇ ನಿಂತಿದ್ದರು. ಎತ್ತರದ ಹೆಂಗಸು, ಹಸಿರು ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಹಿಂದೆ ಬಿಳಿ ಅಂಗಿಯ ವರ, ಕಣ್ಣು ತನ್ನ ಚಪ್ಪಲಿಯ ಮೇಲೆ. ಅಪ್ಪ ಉಡುಪಿ ಹೋಟೆಲಿನ ಕಡೆ ಕೈ ಮಾಡಿದ. ಗೌರಾಬಾಯಿ ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು.

"ಇದೇನ್ರಿ, ಬಟ್ಟಲದಾಗ ಔಷಧ ಕೊಟ್ಟಂಗ ಕೊಡ್ತಾನ. ರೊಟ್ಟಿ ಇಲ್ದಿದ್ದು ಊಟ ಅಂತಾರೇನು? ಸಂಗವ್ವನ ಖಾನಾವಳಿಗಿ ನಡೀರಿ. ಬಿಸಿ ರೊಟ್ಟಿ ಬಡದು ಹಾಕ್ತಾಳ, ಸಾಕನ್ನೂತನಕ."

ಅವ್ವನ ಮುಖ ಇಳಿದದ್ದನ್ನು ನಾನು ನೋಡಿದೆ. ಆದರೆ ರೊಟ್ಟಿಯ ಮಾತು ಕೇಳಿ ನನ್ನ ಹೊಟ್ಟೆ ಕೂಗುತ್ತಿತ್ತು.

ಖಾನಾವಳಿ ಅಂದರೆ ಸಂಗವ್ವನ ಮನೆಯೇ. ಹೊರಗಿನ ಪಡಸಾಲೆಯಲ್ಲಿ ಗಂಡಸರ ಸಾಲು. ಹಳೆಯ ಸೀರೆಯ ಪರದೆ ಸರಿಸಿ ಒಳಗೆ ಹೋದರೆ, ಒಲೆಯ ಪಕ್ಕದಲ್ಲೇ ಹೆಂಗಸರ ಜಾಗ. ಅಪ್ಪ ಮತ್ತು ವರ ಹೊರಗೆ ಕೂತರು, ನಾವು ಒಳಗೆ. ಎಣ್ಣೆ ಬದನೆಕಾಯಿ, ಬೇಳೆ ಪಲ್ಯ, ಕೆಂಪು ಹಿಂಡಿ, ಗಟ್ಟಿ ಮೊಸರು. ಹಂಚಿನಿಂದೆದ್ದ ರೊಟ್ಟಿ ಉಬ್ಬಿದ ಹಾಗೇ ತಾಟಿಗೆ ಬಂದು ಬೀಳುತ್ತಿತ್ತು, ಮುರಿದರೆ ಬೆರಳಿಗೆ ಆವಿ ಬಡಿಯುತ್ತಿತ್ತು. ನಾನು ಯಾರನ್ನೂ ನೋಡದೆ ಉಣ್ಣತೊಡಗಿದೆ.

ನಿಂಬೆಕ್ಕ ಹೇಳಿಕೊಟ್ಟಂತೆ ಅರ್ಧ ರೊಟ್ಟಿ ಮುರಿದಳು. ಸಣ್ಣ ಸಣ್ಣ ತುತ್ತು. ಸಂಗವ್ವ ಇನ್ನೊಂದು ತಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕ್ರಿ" ಎಂದಳು.

"ಸಾಕೇನು?" ಗೌರಾಬಾಯಿಯ ಕೈ ನಿಂತಿತು. "ಬಸ್ಸಿನ್ಯಾಗ ಬಂದೀದಿ, ಹಸಿವಿಲ್ಲೇನವ್ವಾ?"

"ಇಲ್ರಿ. ನಾ ಉಣ್ಣೂದೇ ಇಷ್ಟು."

ಅದೇ ಹೊತ್ತಿಗೆ ಕೆಂಪು ಹಿಂಡಿ ಗಂಟಲಿಗೆ ಹತ್ತಿ ಅಕ್ಕನಿಗೆ ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೌರಾಬಾಯಿ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದರು. ಉಗುರು ಒತ್ತಿ ನೋಡಿದರು. ಎಮ್ಮೆ ಕೊಳ್ಳಲು ಹೋದವರ ಹಾಗೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ನನ್ನ ಹಿರೀ ಸೊಸೀನೂ ಹಿಂಗೇ ಇದ್ಳು. ಅರ್ಧ ರೊಟ್ಟಿ ಮುರದು ಸಾಕ್ರಿ ಅಂತಿದ್ಳು. ನಾಜೂಕು ಅದಾಳಂತ ತಿಳಕೊಂಡ್ವಿ. ಕ್ಷಯ ಇಟ್ಕೊಂಡು ಬಂದಿದ್ಳು. ನಾನೇ ಆಕಿನ ರಕ್ತ ಬಳದೀನಿ. ಮತ್ತೊಂದು ರೋಗ ನನ್ನ ಮನಿಗಿ ಬ್ಯಾಡ್ರಿ."

ಆ ಸೊಸೆಯ ವಿಷಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವ ಕೈ ಮುಗಿದಳು.

"ಯಕ್ಕಾ, ರೋಗ ಏನೂ ಇಲ್ರಿ. ಮಧ್ಯಾಹ್ನ ನಾನೇ ಹೊಟ್ಟಿ ತುಂಬ ಉಣಿಸಿ ಕರಕೊಂಡು ಬಂದೀನಿ. ನಿಮ್ಮ ಮುಂದ ಕಮ್ಮಿ ಉಣ್ಣಂತ ನಾನೇ ಹೇಳೀನಿ."

"ಹಂಗೇನು? ಅಂದ್ರ ನಾಟಕ ಟೆಂಟಿನ್ಯಾಗ ಅಲ್ಲ, ಇಲ್ಲೇ ಸುರು ಮಾಡೀರಿ."

ಪರದೆಯ ಆಚೆ ಗಂಡಸರು ಯಾರೋ ನಕ್ಕರು. ಅಪ್ಪ ಪರದೆ ಸರಿಸಿ ಒಳಗೆ ಬಂದ. ಮನೆಯಲ್ಲಿ ನಮ್ಮ ಮೇಲೆ ಕೈ ಎತ್ತಿದವನಲ್ಲ ಅವನು. ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ರೊಟ್ಟಿ ಹಾಕ್ರಿ ಆಕಿಗಿ" ಎಂದ. "ತಿನ್ನು ಬೇ. ತಿಂದು ತೋರಸು."

ನಿಂಬೆಕ್ಕ ತಿಂದಳು. ಒಂದು ಮುಗಿದ ಕೂಡಲೇ, "ಇನ್ನೊಂದು ಹಾಕ್ರಿ" ಎಂದ.

"ಬಲವಂತ ಬ್ಯಾಡೋ ಯಪ್ಪಾ, ಹೊಟ್ಟಿ ಅದು, ಜ್ವಾಳ ತುಂಬೂ ಹಗೇವ ಅಲ್ಲ" ಎಂದಳು ಸಂಗವ್ವ ಒಲೆಯ ಬಳಿಯಿಂದ.

"ಹಾಕ್ರಿ ಅಂದ್ನಲ್ಲ!"

ಅಕ್ಕ ಅಪ್ಪನ ಮುಖ ನೋಡುತ್ತ ಅಗಿಯುತ್ತಿದ್ದಳು. ನೀರು ಕುಡಿದು ನುಂಗುತ್ತಿದ್ದಳು. ಅವ್ವ ತಲೆ ತಗ್ಗಿಸಿದ್ದಳು. ಗೌರಾಬಾಯಿ ಊಟ ಬಿಟ್ಟು, ಗಲ್ಲದ ಮೇಲೆ ಕೈ ಇಟ್ಟು ನೋಡುತ್ತಿದ್ದರು. ಮುಂದಿನ ರೊಟ್ಟಿಯ ಎರಡನೇ ತುತ್ತಿಗೆ ಅಕ್ಕ ಎದ್ದು ಬಚ್ಚಲಿಗೆ ಓಡಿದಳು. ಅಲ್ಲಿಯವರೆಗೂ ಮುಟ್ಟಲಿಲ್ಲ. ಪರದೆಯ ಬುಡದಲ್ಲೇ, ತನ್ನ ಹೊಸ ಸೀರೆಯ ಮೇಲೆಯೇ, ತಿಂದದ್ದನ್ನೆಲ್ಲ ಕಾರಿಕೊಂಡಳು.

"ನೋಡಿದ್ರಿಲ್ಲ?" ಎಂದರು ಗೌರಾಬಾಯಿ, ಪಡಸಾಲೆಗೂ ಕೇಳುವ ಹಾಗೆ. "ಒಳಗ ನಿಲ್ಲಂಗಿಲ್ಲ. ಇದೇ ರೋಗ."

ಆಮೇಲೆ ಅವರು ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಇನ್ನೂ ರೊಟ್ಟಿ ಇತ್ತು.

"ಇಕಿ ಯಾರು?"

"ಸಣ್ಣಾಕಿ ರೀ. ಕಮಲಿ" ಎಂದಳು ಅವ್ವ.

"ಇಕಿ ನೋಡ್ರಿ ಹೆಂಗ ಉಂಡಾಳ. ಇಕಿನ್ನ ಕೊಡ್ತೀರೇನು? ನನ್ನ ಮಗಗ ಅವಸರ ಇಲ್ಲ. ದೊಡ್ಡಾಕಿ ಆಗೂತನಕ ಕಾಯ್ತೀವಿ."

ಅಪ್ಪ ಇಲ್ಲ ಎನ್ನಲಿಲ್ಲ. "ವಿಚಾರ ಮಾಡೂನ್ರಿ" ಎಂದ. ನಿಂಬೆಕ್ಕ ಗೋಡೆ ಹಿಡಿದು ಅಲ್ಲೇ ನಿಂತಿದ್ದಳು. ಸಂಗವ್ವ ಅವಳ ಸೀರೆಯ ನೆರಿಗೆಗೆ ನೀರು ಹಾಕಿ ತಿಕ್ಕುತ್ತಿದ್ದಳು.

ನಾಟಕಕ್ಕೂ ಹೋದೆವು. ಬಿಟ್ಟು ಬಂದರೆ ಅವಮಾನ ಒಪ್ಪಿದಂತೆ ಎಂದು ಅಪ್ಪನ ಹಟ. ಗೌರಾಬಾಯಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹುರಿದ ಶೇಂಗಾ ಸುಲಿದು ಸುಲಿದು ಅಂಗೈಗೆ ಹಾಕಿದರು. ಹಾಸ್ಯದ ಪಾತ್ರ ಬಂದಾಗ ಟೆಂಟೇ ನಕ್ಕಿತು, ನಾನೂ ನಕ್ಕೆ. ನಿಂಬೆಕ್ಕ ನಮ್ಮ ಹಿಂದಿನ ಸಾಲಿನಲ್ಲಿ ಒದ್ದೆ ಸೀರೆಯಲ್ಲಿ ಕೂತಿದ್ದಳು. ಅವಳ ಪಕ್ಕದ ಹೆಂಗಸರು ಸೆರಗು ಮೂಗಿಗಿಟ್ಟುಕೊಂಡು ದೂರ ಸರಿದರು.

ಆ ವರನೇ ನನ್ನ ಗಂಡ, ನಿಮ್ಮ ಮುತ್ಯಾ. ಪಡಸಾಲೆಯಲ್ಲಿ ಹಾರ ಹಾಕಿರುವ ಫೋಟೊದ ಗೌರಾಬಾಯಿ ನನ್ನ ಅತ್ತೆಯಾದರು. ಏಳನೇ ಇಯತ್ತೆ ಮುಗಿದ ವರ್ಷ ನನ್ನನ್ನು ಆ ಮನೆಗೆ ಕೊಟ್ಟರು.

ಖಾನಾವಳಿಯ ಮಾತು ನಮಗಿಂತ ಮೊದಲು ಊರು ಮುಟ್ಟಿತ್ತು. ರೋಗದ ಹುಡುಗಿ ಎಂದು ಹೆಸರಾದ ಮೇಲೆ ಅಕ್ಕನನ್ನು ಕೇಳಲು ಯಾರೂ ಬರಲಿಲ್ಲ. ಜೇವರ್ಗಿ ಕಡೆಯ ಅಂದೋಲಾದಲ್ಲಿ ಹೆಂಡತಿ ಸತ್ತು, ಬೆಳೆದ ಮಕ್ಕಳಿದ್ದ ಒಬ್ಬರಿಗೆ ಅವಳನ್ನು ಕಟ್ಟಿದರು. ಆ ಮನೆಯಲ್ಲೂ ಅವಳ ತಾಟು, ತಂಬಿಗೆ ಬೇರೆಯೇ ಇಡುತ್ತಿದ್ದರಂತೆ. ನಾನು ಬಾಣಂತಿಯಾಗಿದ್ದಾಗ ನೋಡಲು ಬಂದವಳು ಹೊಸ್ತಿಲ ಆಚೆಯೇ ನಿಂತಳು. ಕೂಸನ್ನು ಎತ್ತಿಕೋ ಎಂದರೆ, "ಬ್ಯಾಡ್ರಿ, ನಿಮ್ಮ ಅತ್ತಿಯವರು ಬೈತಾರ" ಎಂದಳು. ತನ್ನ ತಂಗಿಗೆ ರೀ ಎಂದಳು.

ಒಮ್ಮೆ ನಿಮ್ಮ ಮುತ್ಯಾನನ್ನು ಕೇಳಿದ್ದೆ, ಅಂದು ಪರದೆಯ ಆಚೆ ನಿಮಗೆ ಎಲ್ಲಾ ಕೇಳಿಸಿತ್ತೇನು ಎಂದು. "ಕೇಳಸ್ತು" ಎಂದರು. "ಅವ್ವ ಇದ್ಳಲ್ಲ."

ಈಗ ಆ ಖಾನಾವಳಿಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಟೆಂಟ್ ಹಾಕುತ್ತಿದ್ದ ಬಯಲಿನಲ್ಲಿ ಮನೆಗಳೆದ್ದಿವೆ. ಅವು ಹೋದದ್ದಕ್ಕೆ ನನಗೆ ದುಃಖವಿಲ್ಲ. ನನ್ನ ಜಡೆ ಎಳೆಯುತ್ತಿದ್ದ ಅಕ್ಕ ಅಂದು ಸಂಜೆ ಆಳಂದದಲ್ಲೇ ಉಳಿದಳು. ಆಮೇಲೆ ಆ ಅಕ್ಕ ನನಗೆ ಮತ್ತೆ ಸಿಗಲಿಲ್ಲ.

ನಮ್ಮ ಮನೆತನದವರು ಇಂದಿಗೂ ಅವಳ ಮಾತು ಬಂದರೆ, "ಪಾಪ, ಆಕಿಗಿ ಮೊದಲಿಂದ ರೋಗ ಇತ್ತು" ಎನ್ನುತ್ತಾರೆ. ಅವಳು ಗೌರಾಬಾಯಿಗಿಂತ, ನಿಮ್ಮ ಮುತ್ಯಾನಿಗಿಂತ ಹೆಚ್ಚು ಕಾಲ ಬದುಕಿದಳು. ಕೊನೆಯ ವರ್ಷದವರೆಗೂ ಹೊಲದಿಂದ ಹುಲ್ಲಿನ ಹೊರೆ ತಾನೇ ಹೊತ್ತು ತಂದಳು. ಹೋದ ಶ್ರಾವಣದಲ್ಲಿ ಮಲಗಿದವಳು ಏಳಲಿಲ್ಲ. ಆ ದಿನ ಖಾನಾವಳಿಯ ಪರದೆಯ ಒಳಗಿದ್ದವರಲ್ಲಿ ಇನ್ನು ಉಳಿದವಳು ನಾನೊಬ್ಬಳೇ.

ನಿಂಬೆಕ್ಕನಿಗೆ ಯಾವ ರೋಗವೂ ಇರಲಿಲ್ಲ, ಮಕ್ಕಳೇ. ಅವಳು ಉಂಡು ಬಂದಿದ್ದಳು. ಇದು ಬೇರೆಲ್ಲೂ ಬರೆದಿಲ್ಲ. ಈ ಹಾಳೆಗಳನ್ನು ಜೋಪಾನವಾಗಿಡಿ.